ಗಾಯ ಮಾಯದ ಮರ

1996ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವರ್ತೂರು ಕೆರೆಯ ಹಿಂಬದಿಯಲ್ಲಿ, ಶ್ಯಾಮಣ್ಣನವರ ಹೊಲದ ಬದುವಿನ ಮೇಲಿದ್ದ ಈಚಲ ಮರದ ಕಾಂಡವನ್ನು ನೀಲಾಂಬಿಕಾ ಎರಡೂ ಅಂಗೈಗಳಿಂದ ಸವರಿ ನೋಡುತ್ತಿದ್ದಳು. ಅವಳು ಹುಡುಕುತ್ತಿದ್ದುದು ಒಂದು ಮೊಳೆಯನ್ನು. ಸ್ವಲ್ಪ ಹಿಂದೆ, ಮರದ ನೆರಳು ತನ್ನ ಕಾಲಿಗೆ ತಾಗದಂತೆ ಯಮುನಾ ನಿಂತಿದ್ದಳು. ಆ ಮೊಳೆಯನ್ನು ಹೊಡೆದದ್ದು ಅವಳಿಗಾಗಿ, ಅವಳಿಗೆ ಒಂಬತ್ತು ವರ್ಷವಾಗಿದ್ದಾಗ.

ನೀಲಾಂಬಿಕಾ ವೈಟ್‌ಫೀಲ್ಡ್ ರಸ್ತೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಗದಗಿನ ಕಡೆಯವಳು. ಗಂಡ ಬಸು ಅಲ್ಲೇ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನಲ್ಲಿ ಮೇಲ್ವಿಚಾರಕ. ಇಬ್ಬರೂ ಶ್ಯಾಮಣ್ಣನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಯಮುನಾ ಕೆಳಮನೆಯ ಮಗಳು. ಎರಡನೇ ಪಿಯುಸಿಯಲ್ಲಿ ಜೀವಶಾಸ್ತ್ರವೊಂದನ್ನು ಉಳಿಸಿಕೊಂಡು, ಏಪ್ರಿಲಿನಲ್ಲಿ ಮತ್ತೆ ಕೂರುವುದಕ್ಕೆಂದು ಸಂಜೆ ಹೊತ್ತು ಮೇಲೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದಳು.

ಹಿಂದಿನ ವಾರದ ಪಾಠ ಕಾಂಡದ ಒಳರಚನೆ. ನೀಲಾಂಬಿಕಾ ಕಾಲೇಜಿನ ಸೂಕ್ಷ್ಮದರ್ಶಕವನ್ನು ಮನೆಗೆ ತಂದು, ಸೂರ್ಯಕಾಂತಿಯ ದಂಟನ್ನೂ ಮುಸುಕಿನ ಜೋಳದ ದಂಟನ್ನೂ ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು, ಕೆಂಪು ಬಣ್ಣದಲ್ಲಿ ಅದ್ದಿ ತೋರಿಸಿದ್ದಳು. ಸೂರ್ಯಕಾಂತಿ ದ್ವಿದಳ. ಅದರ ನಾಳಕೂರ್ಚಗಳು, ಎಂದರೆ ನೀರನ್ನೂ ಆಹಾರವನ್ನೂ ಸಾಗಿಸುವ ಕೊಳವೆಗಳ ಕಟ್ಟುಗಳು, ಬಳೆಯ ಹಾಗೆ ಒಂದೇ ಸುತ್ತಿನಲ್ಲಿ ನಿಂತಿರುತ್ತವೆ. ಕಟ್ಟುಗಳ ಒಳಗೆ ಕೇಂಬಿಯಂ ಎಂಬ ತೆಳುವಾದ ಪದರ ಇರುತ್ತದೆ. ಆ ಪದರ ಜೀವಂತವಾಗಿರುವಷ್ಟು ಕಾಲ ಒಳಕ್ಕೂ ಹೊರಕ್ಕೂ ಹೊಸ ಜೀವಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಹುಣಸೆ, ಬೇವು, ಹೊಂಗೆ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದು, ಕೊಡಲಿಯ ಏಟನ್ನು ಮುಚ್ಚಿಕೊಳ್ಳುವುದು, ಬೇಲಿಯ ತಂತಿಯನ್ನು ನಿಧಾನವಾಗಿ ನುಂಗುವುದು, ಎಲ್ಲವೂ ಅದರಿಂದ. ಜೋಳ ಏಕದಳ. ಅದರ ಕಟ್ಟುಗಳು ಯಾರೋ ಕಾಳು ಎರಚಿದ ಹಾಗೆ ಕಾಂಡದ ತುಂಬ ಚೆದುರಿರುತ್ತವೆ. ಅಲ್ಲಿ ಕೇಂಬಿಯಂ ಇಲ್ಲ. ತೆಂಗು, ಬಿದಿರು, ಈಚಲು ಇದೇ ಗುಂಪಿನವು. ತುದಿ ಮೇಲಕ್ಕೆ ಹೋಗುತ್ತಿರುತ್ತದೆ, ಆದರೆ ಒಂದು ಎತ್ತರದಲ್ಲಿ ಕಾಂಡ ಒಮ್ಮೆ ತಯಾರಾಯಿತೆಂದರೆ ಸಾಯುವವರೆಗೂ ಅಷ್ಟೇ ದಪ್ಪ. ಗಾಯವಾದರೆ ಮಾಯುವುದಿಲ್ಲ.

ಯಮುನಾ ಕಣ್ಣನ್ನು ಸೂಕ್ಷ್ಮದರ್ಶಕದಿಂದ ತೆಗೆಯದೆ, ಹಾಗಾದರೆ ಈಚಲ ಮರಕ್ಕೆ ಮೊಳೆ ಹೊಡೆದರೆ ಏನಾಗುತ್ತದೆ ಎಂದು ಕೇಳಿದ್ದಳು. ಹೊಡೆದ ಹಾಗೆಯೇ ಇರುತ್ತದೆ, ನೂರು ವರ್ಷವಾದರೂ ಕಣ್ಣಿಗೆ ಕಾಣುತ್ತದೆ ಎಂದು ನೀಲಾಂಬಿಕಾ ಹೇಳಿದಳು. ಆಗ ಹುಡುಗಿ ಎಲ್ಲವನ್ನೂ ಹೇಳಿಕೊಂಡಳು.

ಶ್ಯಾಮಣ್ಣನವರಿಗೆ ರಾಮಮ್ಮ ಎಂಬ ಅಕ್ಕ ಇದ್ದಳು. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಎಡಚಿ. ಸದಾ ಎಲೆಅಡಿಕೆ, ಬಾಯಿ ಜೋರು. ಒಂದು ದಿನ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಜಾರಿದಳೋ ಹಾರಿದಳೋ ಮನೆಯವರು ಆ ಮಾತು ಆಡುವುದಿಲ್ಲ. ತಿಂಗಳು ಕಳೆಯುವುದರೊಳಗೆ ಒಂಬತ್ತು ವರ್ಷದ ಯಮುನಾ ಎಡಗೈಯಲ್ಲಿ ಉಣ್ಣುವುದಕ್ಕೆ ಶುರುಮಾಡಿದಳು, ಅಪ್ಪನನ್ನು ‘ಶ್ಯಾಮಾ’ ಎಂದು ಕರೆದಳು. ಮಾಲೂರು ಕಡೆಯಿಂದ ದೆವ್ವ ಬಿಡಿಸುವವನೊಬ್ಬನನ್ನು ಕರೆಸಿದರು. ಅವನು ಅವಳ ನೆತ್ತಿಯಿಂದ ಒಂದು ಎಳೆ ಕೂದಲು ಕತ್ತರಿಸಿ, ಕುಲುಮೆಯಲ್ಲಿ ಬಡಿಸಿದ ಮೊಳೆಗೆ ಸುತ್ತಿ, ಅವಳನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಗೆ ತಾಗುವಷ್ಟು ಮೇಲೆ ಹೊಡೆದ. ಇಂಥ ಮೊಳೆಯನ್ನು ಹುಣಸೆ ಮರಕ್ಕೇ ಹೊಡೆಯುವುದು ರೂಢಿ. ಆದರೆ ಶ್ಯಾಮಣ್ಣನವರ ಹುಣಸೆ ಆ ವರ್ಷ ಇಟ್ಟಿಗೆ ಗೂಡಿಗೆ ಸೌದೆಯಾಗಿ ಹೋಗಿತ್ತು. ಬದುವಿನ ಮೇಲೆ ಉಳಿದಿದ್ದುದು ಈಚಲೊಂದೇ.

ಅಂದಿನಿಂದ ಹುಡುಗಿ ಸರಿಹೋದಳು. ಆ ಕಡೆ ಯಾರೂ ಅವಳನ್ನು ಕಳಿಸಲಿಲ್ಲ. ಈಗ ಹೊಲ ಯಾವುದೋ ಕಂಪನಿಯ ಪಾಲಾಗಿತ್ತು; ಗುರುವಾರ ಜೆಸಿಬಿ ಬಂದು ಮರವನ್ನೂ ಬದುವನ್ನೂ ಎತ್ತುತ್ತದೆ, ಆಮೇಲೆ ಬಾವಿ ಮುಚ್ಚುತ್ತಾರೆ ಎಂದು ಅವಳ ಅಣ್ಣ ಮುನಿಕೃಷ್ಣ ಹೇಳಿದ್ದ. ಅದನ್ನು ಕೇಳಿದ ಮೇಲೆ ಯಮುನಾಗೆ ನಿದ್ದೆ ಬಂದಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಇಷ್ಟೇ: ಮೊಳೆ ಜಾಗದಲ್ಲಿದೆ ಎಂದು ಒಮ್ಮೆ ನೋಡಬೇಕು, ಮೆಷೀನು ಬರುವ ಮುಂಚೆ ಅಷ್ಟು ಭಾಗದ ಮರವನ್ನು ಮೊಳೆ ಸಮೇತ ಕೊಯ್ದು ಎಲ್ಲಾದರೂ ಭದ್ರವಾಗಿ ಇಡಬೇಕು. ಒಬ್ಬಳೇ ಹೋಗಲು ಹೆದರಿಕೆ.

ಹೀಗೆ ಇಬ್ಬರೂ ಅಲ್ಲಿಗೆ ಬಂದಿದ್ದರು. ಮೊಳೆ ಇರಲಿಲ್ಲ.

ನೀಲಾಂಬಿಕಾ ಸೊಂಟದಿಂದ ಕತ್ತಿನ ಎತ್ತರದವರೆಗೆ ಕಾಂಡದ ಸುತ್ತಲೂ ನೋಡಿದಳು. ಉದುರಿದ ಎಲೆಗಳ ಬುಡಗಳು ಹುರುಪೆಯಂತೆ ಅಂಟಿಕೊಂಡಿದ್ದವು. ಒಂದೊಂದನ್ನೂ ಎತ್ತಿ ನೋಡಿದಳು. ಮೊಳೆಯೂ ಇಲ್ಲ, ಮೊಳೆ ಇದ್ದ ತೂತೂ ಇಲ್ಲ. ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿ, ಯಮುನಾಳ ತಾತನ ಕಾಲದಲ್ಲಿ ಹೆಂಡಕ್ಕೆಂದು ಕೆತ್ತಿದ ಕಚ್ಚುಗಳು ಕಾಣುತ್ತಿದ್ದವು. ಒಂದೂ ಮುಚ್ಚಿಕೊಂಡಿರಲಿಲ್ಲ, ಬೆಳಿಗ್ಗೆ ತಾನೆ ಕೆತ್ತಿದ ಹಾಗೆ ಬಾಯಿ ತೆರೆದುಕೊಂಡಿದ್ದವು.

“ಮರ ಬೆಳೆದು ಮೊಳೆ ಮೇಲೆ ಹೋಗಿರ್ಬೋದಾ ಮೇಡಂ?”

ಹೋಗುವುದಿಲ್ಲ ಎಂದಳು ನೀಲಾಂಬಿಕಾ. ಮರ ಬೆಳೆಯುವುದು ತುದಿಯಲ್ಲಿ.

“ಒಳಗಡೆ ಹೋಗಿರ್ಬೋದಾ?”

“ಹುಣಸೆಯಾಗಿದ್ರೆ ಹೋಗ್ತಿತ್ತು. ಇದಕ್ಕೆ ಕೇಂಬಿಯಂ ಇಲ್ಲಲ್ಲ, ನುಂಗೋಕೆ ಬರಲ್ಲ.”

ಮೊಳೆ ಕಾಂಡಕ್ಕೆ ಇಳಿದೇ ಇರಲಿಕ್ಕಿಲ್ಲ, ಎಲೆಯ ಬುಡಕ್ಕೆ ಮಾತ್ರ ಕಚ್ಚಿಕೊಂಡಿದ್ದಿರಬೇಕು, ಆ ಬುಡ ಒಣಗಿ ಉದುರಿದಾಗ ಜೊತೆಗೆ ಬಿದ್ದು ಹೋಗಿರಬೇಕು ಎಂದು ಅವಳು ವಿವರಿಸಿದಳು. ಹೊಡೆದ ಒಂದೆರಡು ವರ್ಷದಲ್ಲೇ ಬಿದ್ದಿರಬಹುದು. ಇದನ್ನು ಹೇಳುವಾಗ ಅವಳ ಮನಸ್ಸಿಗೆ ನಿರಾಳವಾಯಿತು. ಹುಡುಗಿಯ ಹೆದರಿಕೆಯನ್ನು ಬುಡಸಮೇತ ಕೀಳುವ ಮಾತು ಸಿಕ್ಕಿತೆಂದು ಅನ್ನಿಸಿತು.

“ನೋಡು, ಇಷ್ಟು ವರ್ಷ ಯಾವ ಮೊಳೇನೂ ಇರಲಿಲ್ಲ. ಆದ್ರೂ ನೀನು ಚೆನ್ನಾಗೇ ಇದ್ಯಲ್ಲ. ಮೊಳೆಯಿಂದ ಏನೂ ಆಗಿಲ್ಲ ಅಂತ ಆಯ್ತಲ್ವಾ?”

ಕೆರೆಯ ನೊರೆಯ ವಾಸನೆ ಗಾಳಿಯಲ್ಲಿ ಬಂದು ಹೋಯಿತು. ಯಮುನಾ ಮೆಲ್ಲಗೆ, ಲೆಕ್ಕ ಬಿಡಿಸುವ ಹುಡುಗಿಯಂತೆ, ಕೇಳಿದಳು.

“ಅತ್ತೇನ ಯಾವುದೂ ಹಿಡ್ಕೊಂಡೇ ಇರ್ಲಿಲ್ಲ ಅಂದ್ರೆ, ಇಷ್ಟ್ ವರ್ಷ ಇದ್ದೋಳು ಯಾರು ಮೇಡಂ? ನಾನಾ, ಅವಳಾ?”

ಇದಕ್ಕೆ ನೀಲಾಂಬಿಕಾ ನಕ್ಕುಬಿಟ್ಟಳು. ನಗಬಾರದಿತ್ತು ಎಂದು ಮನೆಯ ಗೇಟಿನ ಬಳಿ ಗೊತ್ತಾಯಿತು. ಮುಂದೆ ನಡೆಯುತ್ತಿದ್ದ ಯಮುನಾ ಚಿಲಕವನ್ನು ಎಡಗೈಯಲ್ಲಿ ತೆಗೆದಳು.

ಸೋಮವಾರ ಅವಳು ಪಾಠಕ್ಕೆ ಬರಲಿಲ್ಲ. ಮಂಗಳವಾರ ಸಂಜೆ ಅವಳ ತಾಯಿ ಚಿಕ್ಕಮುನಿಯಮ್ಮ ಮೆಟ್ಟಿಲು ಹತ್ತಿ ಬಂದು, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತರು.

“ಮೇಡಮ್ಮೋರೇ, ನಮ್ ಉಡ್ಗಿ ಎಲೆಅಡ್ಕೆ ಆಕ್ತಾವ್ಳೆ. ನನ್ನ ‘ಏ ಮುನಿಯೀ’ ಅಂತ ಕೂಗ್ತಾಳೆ. ನಮ್ಮತ್ತಿಗೆ ಒಬ್ಳೇ ಕಣವ್ವಾ ನನ್ನ ಅಂಗೆ ಕೂಗ್ತಿದ್ದುದ್ದು.”

ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಯಮುನಾ ಎರಡು ದಿನದಿಂದ ಹೊಲಕ್ಕೆ ಹೋಗಿ ಬಾವಿಗೆ ಬಗ್ಗಿ ನೋಡಿ ಬರುತ್ತಿದ್ದಳು. ಏನು ನೋಡುತ್ತೀಯೆಂದರೆ, ಮುಚ್ಚುವುದರೊಳಗೆ ಒಂದು ಸಲ ಇಳಿಯಬೇಕು, ಅಲ್ಲೇನೋ ಬಿಟ್ಟು ಬಂದಿದ್ದೇನೆ ಎನ್ನುತ್ತಿದ್ದಳಂತೆ. ಮಾಲೂರಿನವನು ಸತ್ತು ವರ್ಷಗಳಾಗಿದ್ದವು. ಮುನಿಕೃಷ್ಣ ದೊಡ್ಡಾಸ್ಪತ್ರೆಗೆ ತೋರಿಸೋಣ ಎಂದಿದ್ದ. ಅವಳು ಕಾರಿನ ಹತ್ತಿರವೂ ಬರಲಿಲ್ಲ. ಈಗ ಶ್ಯಾಮಣ್ಣನವರು ಎಲ್ಲ ಕೆಲಸ ಬಿಟ್ಟು ಮಗಳ ಹಿಂದೆಯೇ ತಿರುಗುತ್ತಿದ್ದರು.

ನೀಲಾಂಬಿಕಾ ಪಾಠದ ಪುಸ್ತಕವನ್ನೂ ಹಿಂದಿನ ವಾರ ಯಮುನಾ ತಾನೇ ಬರೆದಿದ್ದ ಚಿತ್ರವನ್ನೂ ತೆಗೆದುಕೊಂಡು ಕೆಳಗೆ ಹೋದಳು. ಯಮುನಾ ಜಗಲಿಯ ಮೇಲೆ ಒಂದು ಮೊಣಕಾಲು ಎತ್ತಿಕೊಂಡು ಕೂತು, ಎಡಗೈ ಬೆರಳಿನಿಂದ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು. ಸೀರೆ ಉಟ್ಟಿದ್ದಳು. ಕೂಗಾಟವಿಲ್ಲ, ಕೂದಲು ಕೆದರಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ಮನೆಯ ಹಿರಿಯ ಹೆಂಗಸೊಬ್ಬಳು ಬಿಸಿಲು ಇಳಿದ ಮೇಲೆ ಜಗಲಿಗೆ ಬಂದು ಕೂತ ಹಾಗಿತ್ತು, ಅಷ್ಟೇ.

“ಬಾರವ್ವಾ, ಕುಂತ್ಕೋ” ಎಂದಳು. “ಮ್ಯಾಲ್ಗಡೆ ಬಾಡಿಗೆಗವ್ರಲ್ಲಾ, ಅವ್ರೇ ತಾನೆ ನೀನು?”

ನೀಲಾಂಬಿಕಾ ಚಿತ್ರವನ್ನು ಮುಂದೆ ಹಿಡಿದಳು. ಜೋಳದ ಕಾಂಡದ ಅಡ್ಡಕೊಯ್ತ. ಹೊರಗಡೆ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ ಬಿಡಿಸಿದ ನಾಳಕೂರ್ಚಗಳು. ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ಬರೆದ ಹೆಸರು. ಹುಡುಗಿ ಅದನ್ನು ಕುತೂಹಲದಿಂದ ನೋಡಿ, ಸುಣ್ಣದ ಬೆರಳನ್ನು ದೂರ ಹಿಡಿದು, ರಾಗಿ ಒಣಗೋಕೆ ಹಾಕಿದ ಹಾಗಿದೆ ಎಂದಳು. ಕೆಳಗಿನ ಅಕ್ಷರಗಳ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ. ಓದು ಬಾರದವರ ಕಣ್ಣು ಅಕ್ಷರದ ಮೇಲೆ ಹೇಗೆ ಜಾರುತ್ತದೆ ಎಂಬುದನ್ನು ನೀಲಾಂಬಿಕಾ ತನ್ನ ಅಜ್ಜಿಯಲ್ಲಿ ನೋಡಿದ್ದಳು. ಅದನ್ನು ನಟಿಸುವುದು ಸುಲಭವಲ್ಲ.

“ಯಮುನಾ ಎಲ್ಲಿ?” ಎಂದು ಕೇಳಿದಳು. ಕೇಳಿದ ಮೇಲೆ, ತಾನು ಅಂಥ ಪ್ರಶ್ನೆ ಕೇಳಿದೆನೆಂದು ಅವಳಿಗೇ ಆಶ್ಚರ್ಯವಾಯಿತು.

ಜಗಲಿಯ ಮೇಲಿದ್ದವಳು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡಳು.

“ಯಾವ್ ಮೊಳೇನೂ ಇಲ್ಲ ಅಂತ ನೀನೇ ಅಂದ್ಯಲ್ಲವ್ವಾ.”

ನೀಲಾಂಬಿಕಾ ಮೇಲೆ ಬಂದು ಗಂಡನಿಗೆ ಹೇಳಿದಳು. ಬಸು ಎಲ್ಲವನ್ನೂ ಕೇಳಿಸಿಕೊಂಡು, ರೊಟ್ಟಿ ಮುರಿಯುತ್ತಾ, ತನ್ನ ಅಭಿಪ್ರಾಯ ಹೇಳಿದ.

“ಮೊಳಿ ಇಲ್ಲ ಅಂದಾಕಿ ನೀನ. ಈಗ ಐತಿ ಅಂತ ನೀನ ಹೇಳು. ಮುಗೀತಿಲ್ಲೋ?”

ಬರೀ ಮಾತಿಗೆ ಅವಳು ನಂಬುವುದಿಲ್ಲ ಎಂದಳು ನೀಲಾಂಬಿಕಾ.

“ಹಂಗಾರ ತೋರ್ಸು. ನಾ ಅದೀನಲ್ಲ, ಡ್ರಿಲ್ಲಿಂಗ್ ಮಷಿನ್ ಐತಿ.”

ಅವನು ತಮಾಷೆಗೆ ಹೇಳಿದ್ದ. ಆದರೆ ಅವಳು ಆ ಮಾತನ್ನು ಬಿಡಲಿಲ್ಲ. ಬೇರೆ ದಾರಿ ಹೊಳೆಯಲಿಲ್ಲ. ಹುಡುಗಿ ತನ್ನನ್ನು ತಾನೆಂದು ಹಿಡಿದುಕೊಂಡಿದ್ದುದು ಆ ಮೊಳೆಯಿಂದ. ಅದನ್ನು ಸಡಿಲಿಸಿದ್ದು ನೀಲಾಂಬಿಕಾಳ ಸರಿಯಾದ ಉತ್ತರ. ಸುಳ್ಳು ಉತ್ತರದಿಂದ ಅದು ಮತ್ತೆ ಬಿಗಿಯಾಗುವುದಾದರೆ ಆಗಲಿ. ಆದರೂ ಮನಸ್ಸಿನಲ್ಲೊಂದು ಚುಚ್ಚು. ‘ಏಕದಳ ಕಾಂಡವು ಮೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ’ ಎಂದು ಯಾರಾದರೂ ಉತ್ತರ ಪತ್ರಿಕೆಯಲ್ಲಿ ಬರೆದಿದ್ದರೆ ಅವಳೇ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆಯುತ್ತಿದ್ದಳು.

ಗುರುವಾರ ಜೆಸಿಬಿ ಬಂದಿತು. ಬಾವಿಯ ಸುತ್ತ ಮುಳ್ಳು ಹಾಕಿಸಿ ಶ್ಯಾಮಣ್ಣನವರು ಮಗಳನ್ನು ಮನೆಯಲ್ಲೇ ಹಿಡಿದಿಟ್ಟುಕೊಂಡರು. ಮರ ಬಿದ್ದ ಮೇಲೆ ಅದರ ಬುಡದ ಭಾಗ ತನಗೆ ಬೇಕೆಂದು ನೀಲಾಂಬಿಕಾ ಕೇಳಿದಾಗ ಮುನಿಕೃಷ್ಣ, ಒಲೆಗೂ ಬಾರದ ಮರ, ಬೇಕಾದರೆ ಇಡೀ ಮರವನ್ನೇ ಒಯ್ಯಿರಿ ಎಂದ. ಒಂಬತ್ತರ ಹುಡುಗಿ ಎಷ್ಟೆತ್ತರ ಇದ್ದಳೆಂದು ಚಿಕ್ಕಮುನಿಯಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಆ ಎತ್ತರ ನಡುವೆ ಬರುವ ಹಾಗೆ ಮೊಳದುದ್ದದ ಒಂದು ತುಂಡು ಕೊಯ್ಯಿಸಿ ಟೆಂಪೋದಲ್ಲಿ ಬಸುವಿನ ವರ್ಕ್‌ಶಾಪಿಗೆ ಸಾಗಿಸಿದರು.

ಅಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅವಳು ತುಂಡಿನ ಮೈಯನ್ನು ಇನ್ನೊಮ್ಮೆ ಅಂಗುಲ ಅಂಗುಲವಾಗಿ ನೋಡಿದಳು. ಎಲೆಯ ಬುಡಗಳನ್ನೆಲ್ಲ ಚಾಕುವಿನಿಂದ ಎಬ್ಬಿಸಿ ನೋಡಿದಳು. ಏನೂ ಇರಲಿಲ್ಲ. ಒಂದು ಬುಡದ ಕೆಳಗೆ ಬಸು ನೇರವಾಗಿ ಒಳಕ್ಕೆ ಕೊರೆದ. ಗುಜರಿಯಲ್ಲಿ ಸಿಕ್ಕ ಹಳೆಯ ಚೌಕ ಮೊಳೆಗೆ ನೀಲಾಂಬಿಕಾ ತನ್ನ ಬಾಚಣಿಗೆಯ ಕೂದಲನ್ನೇ ಸುತ್ತಿದಳು. ಮೊಳೆಯ ತಲೆ ಮೇಲ್ಮೈಯಿಂದ ಮೂರು ಸೆಂಟಿಮೀಟರ್ ಒಳಗೆ ನಿಂತಿತು. ತೂತಿಗೆ ಅದೇ ಮರದ ನಾರು ತುಂಬಿ, ಎಲೆಯ ಬುಡವನ್ನು ಅಂಟಿನಿಂದ ಕೂರಿಸಿ, ಸೀಳಬೇಕಾದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಮೇಲಿನ ತುದಿಯಿಂದ ಒಂದು ಗೇಣು ಕೊಯ್ದು ತೆಗೆದರೆ ತುಂಡು ಚಿಕ್ಕದಾಗುತ್ತದೆ. ಆಮೇಲೆ ಉಳಿಯಿಟ್ಟು ಗೆರೆಯ ಮೇಲೆ ಹೊಡೆದರೆ ಎಲ್ಲರೆದುರು ಎರಡು ಹೋಳಾಗಿ ಮೊಳೆ ಕಾಣಬೇಕು. ಅದು ಅವರ ಲೆಕ್ಕ.

ಭಾನುವಾರ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ತುಂಡನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಇಟ್ಟರು. ಯಮುನಾ ಜಗಲಿಯಲ್ಲಿ ಅದೇ ಭಂಗಿಯಲ್ಲಿ ಕೂತಿದ್ದಳು. ತನಗೆ ತಪ್ಪು ತಿಳಿವಳಿಕೆ ಇತ್ತು, ಮೊಳೆ ಒಳಗೇ ಇರಬೇಕು, ಈಗ ನೋಡೋಣ ಎಂದು ನೀಲಾಂಬಿಕಾ ಹೇಳಿದಳು. ಜಗಲಿಯವಳು ಅಡಿಕೆ ಕಡಿಯುತ್ತಾ, ಬಾಡಿಗೆ ಮನೆಯವರಿಗೆ ಭಾನುವಾರ ಬೇರೆ ಕೆಲಸವಿಲ್ಲವೇ ಎಂದು ತಮ್ಮನ ಕಡೆ ನೋಡಿ ನಕ್ಕಳು. ಶ್ಯಾಮಣ್ಣನವರು ತಲೆ ತಗ್ಗಿಸಿದರು.

ಬಸು ಗರಗಸವನ್ನು ಮೇಲಿನ ತುದಿಯಿಂದ ಗೇಣಿನ ಅಳತೆಗೆ ಇಟ್ಟು ಕೊಯ್ಯತೊಡಗಿದ. ಈಚಲ ನಾರು ಒದ್ದೆ ಹಗ್ಗದಂತೆ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕಾಂಡದ ಗಟ್ಟಿ ಹೊರಭಾಗ ದಾಟಿ, ಮೆತ್ತನೆಯ ಒಳಭಾಗಕ್ಕೆ ಬ್ಲೇಡು ಇಳಿಯುವಷ್ಟರಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಕೀರಲು ಸದ್ದು ಬಂತು.

ಬಸು ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಅವಳು ಸೀಮೆಸುಣ್ಣದ ಗೆರೆಯನ್ನು ನೋಡಿದಳು. ಗೆರೆ ಗರಗಸದಿಂದ ಒಂದು ಅಂಗೈ ಅಗಲ ದೂರದಲ್ಲಿತ್ತು. ಅವರು ಇಟ್ಟ ಮೊಳೆ ಅಲ್ಲಿತ್ತು, ಇಲ್ಲಿ ಅಲ್ಲ.

ಅವನು ಗರಗಸ ಎಳೆದು ತೆಗೆದು, ತುದಿಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದ. ಮೂರನೆಯ ಏಟಿಗೆ ಆ ತುದಿ ಉದ್ದಕ್ಕೆ ಸೀಳಿ ಎರಡಾಗಿ ಬಿತ್ತು.

ಒಂದು ಹೋಳಿನಲ್ಲಿ, ಹಲಗೆಯ ಮೇಲೆ ಮಲಗಿಸಿದ ಹಾಗೆ, ಕುಲುಮೆಯಲ್ಲಿ ಬಡಿದ ಕಪ್ಪು ಮೊಳೆ ಇತ್ತು. ಅದರ ಮೊನೆ ಕಾಂಡದ ನಟ್ಟನಡುವೆ, ತಲೆ ಹೊರಗಿನ ಕಡೆಗೆ. ಗರಗಸ ತಾಗಿದ ಕಡೆ ಒಂದು ಹೊಳೆಯುವ ಗೀರು. ಸುತ್ತ ತುಕ್ಕಿನ ಕಂದು ಕಲೆ. ತಲೆಯ ಕೆಳಗೆ ಒತ್ತಾಗಿ ಸುತ್ತಿದ್ದ ಕೂದಲು ನೀಲಾಂಬಿಕಾಳದ್ದರಂತೆ ಒರಟಾಗಿರಲಿಲ್ಲ. ಚಿಕ್ಕ ಮಕ್ಕಳ ನೆತ್ತಿಯ ಕೂದಲಿನಂತೆ ತೆಳ್ಳಗೆ, ಬಿಸಿಲಿನಲ್ಲಿ ಕೆಂಚಗೆ ಕಂಡಿತು. ಮೊಳೆಯ ತಲೆಯಿಂದ ಹೊರಮೈಯವರೆಗೆ, ತೂತಿನ ಗುರುತೂ ಇಲ್ಲದೆ, ಮರ ಮರವಾಗಿಯೇ ಇತ್ತು.

ಜಗಲಿಯವಳು ಎದ್ದು ಬಂದಳು. ಯಾರೂ ಅವಳನ್ನು ತಡೆಯಲಿಲ್ಲ. ಬಗ್ಗಿ ಬಹಳ ಹೊತ್ತು ನೋಡಿದಳು. ಎಡಗೈ ಮುಂದೆ ಬಂತು, ಅರ್ಧದಲ್ಲಿ ನಿಂತಿತು, ಹಿಂದಕ್ಕೆ ಹೋಯಿತು. ಆಮೇಲೆ ಬಲಗೈಯ ತೋರುಬೆರಳು ಮೊಳೆಯ ತಲೆಯ ಮೇಲೆ ಕೂತಿತು. ಅವಳು ಬಾಯಲ್ಲಿದ್ದುದನ್ನೆಲ್ಲ ಮಣ್ಣಿಗೆ ಉಗಿದಳು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು.

“ಅಮ್ಮಾ, ಬಾಯೆಲ್ಲಾ ಉರೀತಿದೆ. ನೀರು ಕೊಡು.”

ಚಿಕ್ಕಮುನಿಯಮ್ಮ ನೀರು ತರುವ ಬದಲು ಅಲ್ಲೇ ಕೂತು ಅತ್ತರು. ನೀರು ತಂದವರು ಶ್ಯಾಮಣ್ಣನವರು. ಯಮುನಾ ಚೊಂಬು ಖಾಲಿ ಮಾಡಿ, ಯಾರು ತನಗೆ ಸೀರೆ ಉಡಿಸಿದ್ದು ಎಂದು ಕೇಳಿ, ಒಳಗೆ ಹೋಗಿ ಮಲಗಿದಳು. ಮೊಳೆಯಿದ್ದ ಹೋಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, ಅದೇ ದಿನ ದೇವರ ಗೂಡಿನ ಕೆಳಗೆ ನೆಲ ಅಗೆದು ಹೂತು, ಮೇಲೆ ಸಿಮೆಂಟು ಮಾಡಿಸಿದರು. ಉಳಿದ ಹೋಳುಗಳನ್ನು ನೀಲಾಂಬಿಕಾ ಗೋಣಿಚೀಲದಲ್ಲಿ ಸುತ್ತಿ ಮೇಲಕ್ಕೆ ತಂದಳು.

“ಎರಡ್ನೇದು ಯಾವಾಗ ಇಟ್ಟಿ?” ಎಂದು ಬಸು ಮೆಟ್ಟಿಲ ಮೇಲೆ ಕೇಳಿದ.

“ನಾ ಇಟ್ಟಿಲ್ಲ. ನೀವು?”

ಅವನು ಇಲ್ಲವೆಂದು ತಲೆಯಾಡಿಸಿದ. ಮನೆಯೊಳಗೆ ಹೋಗಿ ಟಿವಿಯ ಧ್ವನಿಯನ್ನು ಎಂದಿಗಿಂತ ಜೋರಾಗಿ ಇಟ್ಟ.

ಸೋಮವಾರ ಕಾಲೇಜಿನ ಪ್ರಯೋಗಾಲಯ ಖಾಲಿಯಾದ ಮೇಲೆ ನೀಲಾಂಬಿಕಾ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ಮೊದಲು ತಾವೇ ಇಟ್ಟ ಮೊಳೆಯ ಜಾಗವನ್ನು ಸೀಳಿ ನೋಡಿದಳು. ಅದು ಇಟ್ಟಲ್ಲೇ ಇತ್ತು. ಡ್ರಿಲ್ಲು ಹಾದ ದಾರಿ ಬರಿಗಣ್ಣಿಗೂ ಕಾಣುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಇನ್ನೂ ಸ್ಪಷ್ಟ. ತುಂಡಾದ ನಾಳಕೂರ್ಚಗಳು, ಹರಿದ ನಾರು, ಜಜ್ಜಿದ ಜೀವಕೋಶಗಳು. ಇದು ಗಾಯ. ಮರ ಜೀವಂತವಾಗಿದ್ದರೂ ಇದು ಹೀಗೆಯೇ ಇರುತ್ತಿತ್ತು.

ಆಮೇಲೆ ಇನ್ನೊಂದು ಹೋಳನ್ನು ತೆಗೆದುಕೊಂಡಳು. ಆ ಮೊಳೆಯ ಅಚ್ಚು ಅದರಲ್ಲಿ ಉಳಿದಿತ್ತು. ತಲೆಯ ಗುಂಡು ಗುರುತು, ಚೌಕ ಮೈ, ಕೂದಲಿನ ಸುತ್ತುಗಳ ನವಿರಾದ ಗೆರೆಗಳೂ ಸಹ. ತಲೆಯ ಗುರುತಿನಿಂದ ಹೊರಮೈವರೆಗಿನ ಭಾಗವನ್ನು ಬ್ಲೇಡಿನಿಂದ ಕೊಯ್ದು, ಬಣ್ಣ ಹಾಕಿ, ಒಂದಾದ ಮೇಲೆ ಒಂದು ನೋಡಿದಳು. ಅವಳು ಹುಡುಕುತ್ತಿದ್ದುದು ಕೇಂಬಿಯಮ್ಮನ್ನು, ಅಥವಾ ಹಾಗೆ ಕಾಣುವ ಏನನ್ನಾದರೂ. ಕೆಲವು ಏಕದಳ ಗಿಡಗಳು ಬೇರೊಂದು ರೀತಿಯಲ್ಲಿ ದಪ್ಪವಾಗುವುದುಂಟು. ಈಚಲೂ ಒಮ್ಮೆ ಹಾಗೆ ಮಾಡಿದ್ದರೆ ಅದೊಂದು ಅಪರೂಪದ ಸಂಗತಿ, ಆದರೆ ಅರ್ಥವಾಗುವ ಸಂಗತಿ. ಅಂಥದ್ದೇನೂ ಇರಲಿಲ್ಲ. ಪುಸ್ತಕದಲ್ಲಿರುವ ಹಾಗೆ ಚೆದುರಿದ ಕಟ್ಟುಗಳು, ಹೊರಗಡೆ ಒತ್ತೊತ್ತಾಗಿ, ಒಳಗಡೆ ವಿರಳವಾಗಿ. ಒಂದೂ ತುಂಡಾಗಿರಲಿಲ್ಲ. ಆ ದಾರಿಯಲ್ಲಿ ಏನೂ ಎಂದೂ ಹಾದು ಹೋಗಿರಲಿಲ್ಲ.

ಮೊಳೆಯ ಮೈ ಪಕ್ಕದ ಕಟ್ಟುಗಳನ್ನು ಅವಳು ಕೊನೆಗೆ ನೋಡಿದಳು. ಅವು ಕೆಳಗಿನಿಂದ ನೇರವಾಗಿ ಬಂದು, ಮೊಳೆಯ ಹತ್ತಿರ ಎಡಕ್ಕೂ ಬಲಕ್ಕೂ ಬಾಗಿ, ಅದನ್ನು ಬಳಸಿಕೊಂಡು, ಮೇಲೆ ಮತ್ತೆ ನೇರವಾಗಿದ್ದವು. ಹೊಳೆಯ ನೀರು ಬಂಡೆಯನ್ನು ಬಳಸುವ ಹಾಗೆ. ಬಲಿತ ನಾಳಕೂರ್ಚ ಬಾಗುವುದಿಲ್ಲ, ಮುರಿಯುತ್ತದೆ. ಅದು ಹೀಗೆ ಬಾಗಬೇಕಾದರೆ ಎಳೆಯದಾಗಿದ್ದಾಗಲೇ, ಮರದ ಬೆಳೆಯುವ ತುದಿ ಆ ಎತ್ತರದಲ್ಲಿ ಇದ್ದಾಗಲೇ, ಮೊಳೆ ಅಲ್ಲಿ ಇರಬೇಕು. ಮರ ಬೆಳೆದು ಮೊಳೆಯ ಹತ್ತಿರ ಬಂದು, ಅದನ್ನು ಒಳಗಿಟ್ಟುಕೊಂಡು ಮೇಲಕ್ಕೆ ಹೋಗಿರಬೇಕು. ಯಮುನಾಳ ತಾತ ಹೆಂಡ ಇಳಿಸಿದ ಕಚ್ಚುಗಳು ಅದಕ್ಕಿಂತ ಎಷ್ಟೋ ಮೇಲಿದ್ದವು. ಎಂದರೆ ತಾತನ ಕಾಲಕ್ಕೂ ಮುಂಚೆ. ರಾಮಮ್ಮ ಹುಟ್ಟುವುದಕ್ಕೂ ಮುಂಚೆ. ಒಂಬತ್ತು ವರ್ಷದ ಯಮುನಾಳ ನೆತ್ತಿಯ ಕೂದಲನ್ನು ಸುತ್ತಿಕೊಂಡ ಮೊಳೆ.

ಅವಳು ದೀಪ ಆರಿಸಿದಳು. ಪ್ರಯೋಗಾಲಯದ ಕಿಟಕಿಯಿಂದ ಹೊರಗೆ, ರಸ್ತೆಯಾಚೆ, ಯಾವುದೋ ಕಟ್ಟಡದ ಕಂಬಗಳಿಗೆ ಕಾಂಕ್ರೀಟು ಸುರಿಯುತ್ತಿದ್ದರು. ಕಬ್ಬಿಣದ ಸರಳುಗಳನ್ನು ಮೊದಲು ನಿಲ್ಲಿಸಿ, ಆಮೇಲೆ ಅವುಗಳ ಸುತ್ತ ಕಂಬ ಎಬ್ಬಿಸುತ್ತಿದ್ದರು. ಅದನ್ನು ಸ್ವಲ್ಪ ಹೊತ್ತು ನೋಡಿ, ಪರದೆ ಎಳೆದಳು.

ಮರುದಿನ ಸಂಜೆ ಯಮುನಾ ಪುಸ್ತಕ ಹಿಡಿದು ಮೇಲೆ ಬಂದಳು. ಮುಖ ಬಾಡಿತ್ತು, ಆದರೆ ಅದು ಅವಳದೇ ಮುಖ. ಆ ವಾರದ ಯಾವುದೂ ಅವಳಿಗೆ ನೆನಪಿರಲಿಲ್ಲ. ತಾಯಿ ಹೇಳಿದ್ದಷ್ಟೇ ಗೊತ್ತು. ಬಿಟ್ಟುಹೋದ ಪಾಠವನ್ನು ಮುಗಿಸಬೇಕೆಂದಳು. ಪುಟ ತೆರೆದಳು, ಪೆನ್ಸಿಲು ಬಲಗೈಯಲ್ಲಿ ಹಿಡಿದಳು. ಆದರೆ ಓದಲಿಲ್ಲ.

“ಮೇಡಂ, ಅವತ್ತು ಮರದ ಹತ್ರ ನೀವು ಹೇಳಿದ್ದು ತಪ್ಪು ಅಲ್ವಾ? ಈಚಲು ನುಂಗುತ್ತೆ ಅಲ್ವಾ?”

ಕೇಳುವಾಗ ಅವಳ ಕಣ್ಣು ನೀಲಾಂಬಿಕಾಳ ಬಾಯನ್ನೇ ನೋಡುತ್ತಿತ್ತು. ಒಂದು ಸಲ ತಡವರಿಸಿದರೂ ಸಾಕಿತ್ತು. ನೀಲಾಂಬಿಕಾಗೆ ಜಗಲಿಯ ಮೇಲೆ ಮಡಿಸಿದ ಎಲೆಯನ್ನು ಬಾಯಿಗಿಟ್ಟುಕೊಂಡ ಆ ಎಡಗೈ ಕಣ್ಣೆದುರು ಬಂತು.

“ಹೌದು. ನಂದು ತಪ್ಪಾಗಿತ್ತು” ಎಂದಳು.

“ಪರೀಕ್ಷೇಲಿ ಏನು ಬರೀಲಿ?”

“ಪುಸ್ತಕದಲ್ಲಿ ಇರೋದನ್ನೇ ಬರಿ. ನಂಬರ್ ಕೊಡೋರು ಮರ ನೋಡಿರಲ್ಲ.”

ಯಮುನಾ ನಕ್ಕಳು, ಎಷ್ಟೋ ದಿನದ ಮೇಲೆ. ಆದರೆ ನಗು ನಿಂತ ಮೇಲೂ ಪೆನ್ಸಿಲು ಕಾಗದದ ಮೇಲೆ ಇಳಿಯಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು. ಮೊಳೆ ಎಷ್ಟು ಒಳಗೆ ಹೋಗಿತ್ತು ಎಂದು ಕೇಳಿದಳು. ಅಂದಾಜು ಹೇಳಬೇಡಿ, ಸರಿಯಾಗಿ ಹೇಳಿ, ಎಷ್ಟು ಆಳ ಇದೆ ಅಂತ ಗೊತ್ತಾದರೆ ಮಲಗುವಾಗ ನೆನೆಸಿಕೊಳ್ಳುತ್ತೇನೆ ಎಂದಳು.

ಈ ಪ್ರಶ್ನೆಗೆ ನಿಜವಾದ ಉತ್ತರವಿತ್ತು. ನೀಲಾಂಬಿಕಾ ಎದ್ದು ಮಂಚದ ಕೆಳಗಿನ ಗೋಣಿಚೀಲವನ್ನು ಬಿಚ್ಚಿ, ಅಚ್ಚು ಉಳಿದಿದ್ದ ಹೋಳನ್ನು ಮೇಜಿನ ಮೇಲೆ ಇಟ್ಟಳು. ಕೊಯ್ದು ತೆಗೆದ ಭಾಗದ ಪಕ್ಕದಲ್ಲಿ ಹೊರಮೈಯ ಅಂಚು ಇನ್ನೂ ಸರಿಯಾಗಿತ್ತು. ಬಸುವಿನ ವರ್ನಿಯರ್ ಅಳತೆಪಟ್ಟಿಯನ್ನು ತೆಗೆದು, ಅದರ ಒಂದು ದವಡೆಯನ್ನು ಆ ಅಂಚಿಗೂ ಇನ್ನೊಂದನ್ನು ಮೊಳೆಯ ತಲೆಯ ಗುರುತಿಗೂ ಹಿಡಿದಳು. ಖಾತ್ರಿಗೆಂದು ಇನ್ನೊಂದು ಸಲ ಹಿಡಿದಳು. ಯಮುನಾ ಮೇಜಿನ ಮೇಲೆ ಬಾಗಿ, ಪೆನ್ಸಿಲಿನೊಂದಿಗೆ ಕಾಯುತ್ತಿದ್ದಳು.

ಆರು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್.